ಡೈರಿಯಿಂದ ಎಳೆ ಕರು ತಂದು ಬಾಟಲಿ ಹಾಲಲ್ಲಿ ಸಾಕಬಹುದಾ?

ಹೊಸ ಕೊಟ್ಟಿಗೆ
ಎಲ್ಲರಿಗೂ ನಮಸ್ಕಾರ. ನಮ್ಮದು ಚನ್ನರಾಯಪಟ್ಟಣದ ಹತ್ತಿರ ಎರಡೂವರೆ ಎಕರೆ, ಸದ್ಯಕ್ಕೆ ಒಂದೇ ಹಸು, ದಿನಕ್ಕೆ ಎಂಟು ಲೀಟರ್ ಹಾಲು. ಪಕ್ಕದ ಊರಿನ ಫಾರಂನವರು ಮೂರು ಎಚ್‌ಎಫ್ ಕ್ರಾಸ್ (ಹೋಲ್‌ಸ್ಟೀನ್ ಫ್ರೀಸಿಯನ್ ಮಿಶ್ರತಳಿ) ಹೆಣ್ಣುಗರು ಕೊಡುತ್ತೇನೆ ಅನ್ನುತ್ತಿದ್ದಾರೆ. ಹುಟ್ಟಿ ಒಂದು ವಾರ ಆಗಿದೆಯಂತೆ. ಎರಡಕ್ಕೆ ತಲಾ 4,000 ರೂಪಾಯಿ. ಮೂರನೆಯದು ಅವಳಿಯಲ್ಲಿ ಹುಟ್ಟಿದ್ದು, ಜೊತೆಯದು ಗಂಡು, ಅದಕ್ಕೆ 1,500 ಸಾಕು ಅಂದರು. ನೋಡೋಕೆ ಅದೇ ಚೆನ್ನಾಗಿದೆ. ಮೂರನ್ನೂ ತರೋಣ ಅಂತ ಆಸೆ. ಏನೇನು ನೋಡಬೇಕು, ಖರ್ಚು ಎಷ್ಟು ಬೀಳುತ್ತದೆ?

ಕೋಲಾರದ ಹೈನುಗಾರ
ಮೊದಲು ಆ 1,500ರ ಕರು ಬಿಡಿ. ಗಂಡಿನ ಜೊತೆ ಹುಟ್ಟಿದ ಹೆಣ್ಣುಗರು ಹತ್ತರಲ್ಲಿ ಒಂಬತ್ತು ಸಲ ಬಂಜೆ. ಹೊಟ್ಟೆಯೊಳಗೆ ಎರಡರ ರಕ್ತ ಸೇರಿ ಹೆಣ್ಣಿನ ಗರ್ಭಕೋಶ ಸರಿಯಾಗಿ ಬೆಳೆಯುವುದಿಲ್ಲ. ಚೆನ್ನಾಗಿ ತಿಂದು ದಪ್ಪಗೆ ಬೆಳೆಯುತ್ತದೆ, ಬೆದೆಗೆ ಮಾತ್ರ ಬರಲ್ಲ. ಕಡಿಮೆ ರೇಟು ಹೇಳಿದ್ದು ಸುಮ್ನೆ ಅಲ್ಲ. ಬೇಕೇ ಬೇಕು ಅಂದರೆ ಪಶು ಡಾಕ್ಟ್ರಿಗೆ ತೋರಿಸಿ, ನಳಿಗೆ ಹಾಕಿ ಯೋನಿಯ ಉದ್ದ ನೋಡಿ ಅಂದಾಜು ಹೇಳುತ್ತಾರೆ, ರಕ್ತ ಪರೀಕ್ಷೆಯಲ್ಲಿ ಖಚಿತ ಆಗುತ್ತದೆ.

ಉಳಿದೆರಡಕ್ಕೆ ಒಂದೇ ಪ್ರಶ್ನೆ ಕೇಳಿ: ಹುಟ್ಟಿದ ಎರಡು ಗಂಟೆಯೊಳಗೆ ಗಿಣ್ಣು (ಕರು ಹಾಕಿದ ಹಸುವಿನ ಮೊದಲ ಹಾಲು) ಕುಡಿಸಿದ್ದಾರಾ, ಎಷ್ಟು? 30 ಕೆಜಿ ಕರುವಿಗೆ ಮೊದಲ ದಿನವೇ ಮೂರು ಲೀಟರ್ ಆದರೂ ಹೋಗಿರಬೇಕು. 24 ಗಂಟೆ ಕಳೆದ ಮೇಲೆ ಎಷ್ಟು ಕುಡಿಸಿದರೂ ಅದರ ರೋಗನಿರೋಧಕ ಶಕ್ತಿ ಕರುಳಿನಿಂದ ರಕ್ತಕ್ಕೆ ಇಳಿಯಲ್ಲ. ಆಮೇಲೆ ಹೊಕ್ಕುಳು ಮುಟ್ಟಿ ನೋಡಿ, ಒಣಗಿರಬೇಕು. ಊತ, ವಾಸನೆ, ಬಾಲದ ಕೆಳಗೆ ಮೆತ್ತಿದ ಭೇದಿ, ಇದರಲ್ಲಿ ಯಾವುದಿದ್ದರೂ ವಾಪಸ್ ಬನ್ನಿ. ಆಗುವುದಾದರೆ ಇನ್ನೂ ಎರಡು ವಾರ ಅಲ್ಲೇ ಇರಲಿ, ಐನೂರು ಜಾಸ್ತಿ ಕೊಟ್ಟರೂ ಪರವಾಗಿಲ್ಲ. ಎಳೆ ಕರುಗಳು ಜಾಸ್ತಿ ಸಾಯೋದು ಆ ಮೊದಲ ವಾರಗಳಲ್ಲೇ.

ಮಲೆನಾಡ ಹುಡುಗಿ
ಖರ್ಚು ಲೆಕ್ಕ ಹಾಕಿ ಸಾರ್. ದಿನಕ್ಕೆ ಮೂರು ಲೀಟರ್, 75 ದಿನ ಅಂದರೆ 225 ಲೀಟರ್. ಲೀಟರಿಗೆ 35 ಹಿಡಿದರೂ ಒಂದು ಕರುವಿಗೆ ಎಂಟು ಸಾವಿರದ ಹತ್ತಿರ, ಕರು ರೇಟಿಗಿಂತ ಡಬಲ್! ನಿಮ್ಮ ಎಂಟು ಲೀಟರಲ್ಲಿ ಎರಡು ಕರು ಸಾಕಿದರೆ ಡೈರಿಗೆ ಹಾಕೋಕೆ ಉಳಿಯೋದು ಎರಡೇ ಲೀಟರ್.

ಅದಕ್ಕೇ ಎರಡನೇ ವಾರದಿಂದ ಕರು ಸ್ಟಾರ್ಟರ್ (ಎಳೆ ಕರುಗಳ ಒಣ ಆಹಾರ) ಒಂದು ಹಿಡಿ ಬಾಯಿಗೆ ಸವರಿ ರೂಢಿ ಮಾಡಿಸಿ, ಪಕ್ಕದಲ್ಲಿ ನೀರು ಯಾವಾಗಲೂ ಇರಲಿ. ಹಾಲು ಕುಡೀತಿದೆಯಲ್ಲ, ನೀರು ಯಾಕೆ ಅಂತ ನಮ್ಮ ಅಜ್ಜಿ ಈಗಲೂ ಜಗಳ ಮಾಡುತ್ತಾರೆ. ದಿನಕ್ಕೆ ಒಂದು ಕೆಜಿ ಹತ್ತಿರ ಸ್ಟಾರ್ಟರ್ ತಿನ್ನುವವರೆಗೂ ಹಾಲು ನಿಲ್ಲಿಸಬೇಡಿ, ವಯಸ್ಸು ಎಷ್ಟೇ ಆಗಿರಲಿ.

ಹೊಸ ಕೊಟ್ಟಿಗೆ
ಅಯ್ಯೋ, ಅವಳಿ ವಿಷಯ ಗೊತ್ತೇ ಇರಲಿಲ್ಲ, ಥ್ಯಾಂಕ್ಸ್ ಅಣ್ಣ. ಹಾಗಾದರೆ ಎರಡೇ. ಭೇದಿ ಶುರುವಾದರೆ ಹಾಲು ನಿಲ್ಲಿಸಬೇಕಾ?

ಕೋಲಾರದ ಹೈನುಗಾರ
ಪೂರ್ತಿ ನಿಲ್ಲಿಸಬೇಡಿ, ಇನ್ನೂ ಸೊರಗುತ್ತದೆ. ಹಾಲು ಸ್ವಲ್ಪ ಸ್ವಲ್ಪವೇ ಕೊಡಿ, ನಡುವೆ ಓಆರ್‌ಎಸ್ ಕೊಡಿ, ಎರಡನ್ನೂ ಬೆರೆಸಬೇಡಿ. ಕಣ್ಣು ಗುಳಿ ಬಿದ್ದು, ಏಳದೆ ಮಲಗಿದರೆ ಕಾಯಬೇಡಿ, ಡಾಕ್ಟ್ರನ್ನ ಕರೆಸಿ. ಹತ್ತು-ಹದಿನೈದನೇ ದಿನ ಜಂತಿನ ಔಷಧಿ ಕೇಳಿ. ನಾಲ್ಕು ತಿಂಗಳಿಗೆ ಕಾಲುಬಾಯಿ ಲಸಿಕೆ. ನಾಲ್ಕರಿಂದ ಎಂಟು ತಿಂಗಳೊಳಗೆ ಬ್ರುಸೆಲ್ಲಾ (ಗಬ್ಬ ಕಳಚುವ ರೋಗ) ಲಸಿಕೆ, ಅದು ಹೆಣ್ಣುಗರುಗಳಿಗೆ ಮಾತ್ರ, ಜೀವನಕ್ಕೆ ಒಂದೇ ಸಲ.

ಮಲೆನಾಡ ಹುಡುಗಿ
ಇನ್ನೊಂದು, ಬೇಗ ಕುಡೀಲಿ ಅಂತ ನಿಪ್ಪಲ್ ತೂತು ದೊಡ್ಡದು ಮಾಡಬೇಡಿ, ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಕುಡಿದ ಮೇಲೆ ಬಾಯಿ ಒರೆಸಿ, ಚಿಟಿಕೆ ಉಪ್ಪು ಸವರಿ, ಅರ್ಧ ಗಂಟೆ ಬೇರೆ ಬೇರೆ ಕಟ್ಟಿ. ಇಲ್ಲಾಂದರೆ ಒಂದರ ಹೊಕ್ಕುಳು ಇನ್ನೊಂದು ಚೀಪುತ್ತದೆ.