ಸಹಾಯ ಬೇಕು: 8 ತಿಂಗಳ ಮಗುವಿಗೆ ರಾತ್ರಿ ಊಟಕ್ಕೆ ಏನೆಲ್ಲ ಮಾಡಬಹುದು?

ಅಕ್ಕಂದಿರೇ, ನಾವು ಕಾಸರಗೋಡಿನ ಬದಿಯಡ್ಕದ ಹತ್ತಿರದವರು. ಮಗಳಿಗೆ ಈಗ 8 ತಿಂಗಳು. ಎದೆಹಾಲಿನ ಜೊತೆಗೆ ಬೆಳಿಗ್ಗೆ ರಾಗಿ ಮಣ್ಣಿ (ರಾಗಿ ಸರಿ), ಮಧ್ಯಾಹ್ನ ಮೆತ್ತಗೆ ಹಿಚುಕಿದ ಕುಚ್ಚಲಕ್ಕಿ ಅನ್ನ, ಹೆಸರುಬೇಳೆ. ಇಷ್ಟು ಸಲೀಸಾಗಿ ನಡೆಯುತ್ತದೆ. ರಾತ್ರಿಯದ್ದೇ ಕಷ್ಟ. ಮತ್ತೆ ಮಣ್ಣಿ ಕಂಡರೆ ಬಾಯಿ ಬಿಗಿ ಹಿಡಿಯುತ್ತಾಳೆ.

ನೇಂದ್ರ ಬಾಳೆಕಾಯಿ ಹುಡಿ ಮನೆಯಲ್ಲಿದೆ. ಆದರೆ ಅದೂ ಮಣ್ಣಿಯೇ ಆಯಿತಲ್ಲ. ಅಂಗನವಾಡಿಯಲ್ಲಿ ಪುಟ್ಟ ಮಕ್ಕಳಿಗೆ ಕೊಡುವ ಅಮೃತಂ ಹುಡಿಯಲ್ಲಿ ಸಕ್ಕರೆ ಮೊದಲೇ ಸೇರಿರುತ್ತದೆ. ಒಂದು ವರ್ಷದವರೆಗೆ ಉಪ್ಪು, ಸಕ್ಕರೆ, ಜೇನು ಬೇಡ ಅಂತ ನಾವು ತೀರ್ಮಾನಿಸಿದ್ದೇವೆ. ಅತ್ತೆಯೂ ಒಪ್ಪಿದ್ದಾರೆ, ಅದೇ ದೊಡ್ಡ ಸಮಾಧಾನ.

ಹಿತ್ತಿಲಲ್ಲಿ ಚೀನಿಕಾಯಿ (ಸಿಹಿಗುಂಬಳ), ಹರಿವೆ, ಬಸಳೆ, ನುಗ್ಗೆ ಸೊಪ್ಪು ಎಲ್ಲ ಇದೆ. 6 ತಿಂಗಳ ನಂತರ ಕಬ್ಬಿಣಾಂಶಕ್ಕೆ ಎದೆಹಾಲು ಮಾತ್ರ ಸಾಲುವುದಿಲ್ಲ, ಅಲ್ವಾ? ಹಾಗಾಗಿ ಬೇಳೆ, ಸೊಪ್ಪು ಜಾಸ್ತಿ ಸೇರಿಸಬೇಕು ಅಂತ ಆಸೆ. ಮೇಲೆ ಎರಡು ಹನಿ ನಿಂಬೆರಸ ಬಿಟ್ಟರೆ ಕಬ್ಬಿಣ ಮೈಗೆ ಚೆನ್ನಾಗಿ ಹಿಡಿಯುತ್ತದೆ. ಚೀನಿಕಾಯಿ, ತೊಗರಿಬೇಳೆ ಒಟ್ಟಿಗೆ ಬೇಯಿಸಿ ತುಪ್ಪ ಹಾಕಿ ಕೊಟ್ಟಾಗ ಖುಷಿಯಿಂದ ತಿಂದಳು. ಅಂಥದ್ದೇ ಇನ್ನೂ ನಾಲ್ಕೈದು ಬಗೆ ಬೇಕು. ತೀರಾ ನುಣ್ಣಗೆ ಬೇಡ, ಈಗ ಸ್ವಲ್ಪ ತರಿತರಿಯೂ ಅಭ್ಯಾಸವಾಗಬೇಕು.

ಮೊಟ್ಟೆ, ಮೀನು ನಮ್ಮಲ್ಲಿ ಇಲ್ಲ. ಉಪ್ಪು ಹಾಕುವ ಮೊದಲೇ ತೆಗೆದಿಟ್ಟ ಹಿಟ್ಟಿನ ಇಡ್ಲಿಯನ್ನು ಬೇಳೆಕಟ್ಟಿನಲ್ಲಿ ನೆನೆಸಿ ಕೊಟ್ಟವರು ಇದ್ದೀರಾ? ತೆಂಗಿನಹಾಲು ರಾತ್ರಿ ಹೊತ್ತು ಮಕ್ಕಳಿಗೆ ಭಾರವಾಗುತ್ತದಾ? ನಿಮ್ಮ ಮಕ್ಕಳು ಇಷ್ಟಪಟ್ಟು ತಿಂದದ್ದನ್ನು ಅಳತೆ ಸಮೇತ ಬರೆಯಿರಿ. ಸಂಜೆ ಆರೂವರೆಗೇ ತಿನ್ನಿಸುವುದು, ಬೇಗ ಆಗುವಂಥದ್ದಾದರೆ ಒಳ್ಳೆಯದು.