ನಾಯಿ ಹಿಂಭಾಗವನ್ನು ನೆಲಕ್ಕೆ ಉಜ್ಜುವುದು ನಿಲ್ಲುತ್ತಿಲ್ಲ. ಗ್ರಂಥಿ ಖಾಲಿ ಮಾಡಿಸಿದರೂ ಮರುಕಳಿಸುತ್ತಿದೆ

ಪ್ರಶ್ನೆ: ಬೆಳ್ಳಿಮನೆ, ಚಿಂತಾಮಣಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 5 ವರ್ಷದ ಹೆಣ್ಣು ನಾಯಿಯೊಂದಿದೆ. ಸ್ಪಿಟ್ಜ್ ಮಿಶ್ರತಳಿಯದು, 13 ಕಿಲೋ ತೂಗುತ್ತದೆ, ಬೆಳ್ಳಿ ಎಂದು ಕರೆಯುತ್ತೇವೆ. ಸುಮಾರು 5 ತಿಂಗಳಿಂದ ಅದು ಹಿಂಗಾಲುಗಳನ್ನು ಮುಂದಕ್ಕೆ ಚಾಚಿ ಕುಳಿತು, ಹಿಂಭಾಗವನ್ನು ನೆಲಕ್ಕೆ ಉಜ್ಜಿಕೊಳ್ಳುತ್ತಾ ಪಡಸಾಲೆಯ ಉದ್ದಕ್ಕೂ ಎಳೆದಾಡುತ್ತದೆ. ಬಾಲದ ಬುಡವನ್ನು ಕಚ್ಚಿಕೊಂಡು ಅಲ್ಲಿನ ಕೂದಲೆಲ್ಲ ತೆಳುವಾಗಿದೆ. ಕೆಲವು ದಿನ ಅದು ಮಲಗಿದ್ದ ಜಾಗದಲ್ಲಿ ಕೊಳೆತ ಮೀನಿನಂತಹ ವಾಸನೆ ಬರುತ್ತದೆ.

ವೈದ್ಯರಲ್ಲಿಗೆ ಕರೆದೊಯ್ದು 3 ಬಾರಿ ಆನಲ್ ಗ್ಲ್ಯಾಂಡ್ (ಗುದದ ಪಕ್ಕದ ಗ್ರಂಥಿ) ಖಾಲಿ ಮಾಡಿಸಿದ್ದೇವೆ. ಪ್ರತಿ ಸಲವೂ ಎರಡು ವಾರ ನೆಮ್ಮದಿಯಾಗಿರುತ್ತದೆ, ಆಮೇಲೆ ಯಥಾಪ್ರಕಾರ. ಹೊಟ್ಟೆಹುಳುವಿಗೆಂದು ಔಷಧಿ ಅಂಗಡಿಯಿಂದ ಅಲ್ಬೆಂಡಜೋಲ್ ಮಾತ್ರೆ ತಂದು ಕೊಟ್ಟಾಯಿತು. ಊಟಕ್ಕೆ ಹಾಲು-ಅನ್ನ, ನಾವು ಮಾಡಿದ ದಿನ ಮುದ್ದೆ, ಭಾನುವಾರ ಕೋಳಿ, ನಡುನಡುವೆ ಬಿಸ್ಕತ್ತು. ಮಲ ಹೆಚ್ಚಾಗಿ ಮೆತ್ತಗೇ ಇರುತ್ತದೆ. ಪಾದಗಳನ್ನು ನೆಕ್ಕುವ ಅಭ್ಯಾಸ ಮೊದಲಿನಿಂದಲೂ ಇದೆ. ಗ್ರಂಥಿ ಹಿಂಡುವುದನ್ನು ಕಲಿತು ಮನೆಯಲ್ಲೇ ತಿಂಗಳಿಗೊಮ್ಮೆ ಮಾಡುತ್ತಾ ಹೋಗುವುದು ಸರಿಯೇ? ಅದರ ಸಂಕಟ ನೋಡಲಾಗುತ್ತಿಲ್ಲ. ತಿಳಿದವರು ದಯವಿಟ್ಟು ಹೇಳಿ.

ಉತ್ತರ: ಮಾವಿನತೋಪು, ಶ್ರೀನಿವಾಸಪುರ

ನಾನು ವೈದ್ಯನಲ್ಲ. ಆದರೆ ತೋಟದ ನಾಯಿಯೊಂದಿಗೆ ಇದೇ ಕಷ್ಟವನ್ನು ಒಂದು ವರ್ಷ ಅನುಭವಿಸಿದ್ದೇನೆ. ನಮ್ಮ ನಾಯಿಯ ಬಾಲದ ಕೆಳಗಿನ ಕೂದಲಿನಲ್ಲಿ ಅಕ್ಕಿನುಚ್ಚಿನಂತಹ ಬಿಳಿ ಚೂರುಗಳು ಅಂಟಿಕೊಂಡಿರುತ್ತಿದ್ದವು. ಹಸಿಯಿದ್ದಾಗ ಅವು ಮೆಲ್ಲನೆ ಅಲುಗಾಡುತ್ತವೆ, ಒಣಗಿದರೆ ಎಳ್ಳಿನ ಹಾಗೆ ಕಾಣುತ್ತವೆ. ಅವು ಲಾಡಿಹುಳುವಿನ ತುಂಡುಗಳು ಎಂಬುದು ತಡವಾಗಿ ತಿಳಿಯಿತು. ನೀವು ಕೊಟ್ಟಿರುವ ಅಲ್ಬೆಂಡಜೋಲ್ ಈ ಜಾತಿಯ ಲಾಡಿಹುಳುವಿನ ಮೇಲೆ ಕೆಲಸ ಮಾಡುವುದಿಲ್ಲ. ಪ್ರಾಜಿಕ್ವಾಂಟೆಲ್ ಇರುವ, ನಾಯಿಗೆಂದೇ ತಯಾರಾದ ಮಾತ್ರೆಯನ್ನು ತೂಕಕ್ಕೆ ತಕ್ಕಂತೆ ವೈದ್ಯರಿಂದ ಬರೆಸಿಕೊಳ್ಳಿ.

ಇಷ್ಟಕ್ಕೇ ನಿಲ್ಲಿಸಿದರೆ ನನ್ನ ಹಾಗೆ ಎರಡು ಬಾರಿ ಮೋಸ ಹೋಗುತ್ತೀರಿ. ಈ ಹುಳುವಿನ ಮರಿ ಬೆಳೆಯುವುದು ಚಿಗಟದ ಹೊಟ್ಟೆಯಲ್ಲಿ. ನಾಯಿ ಮೈ ನೆಕ್ಕುವಾಗ ಚಿಗಟವನ್ನು ನುಂಗಿದರೆ ಹುಳು ಮತ್ತೆ ಕರುಳು ಸೇರುತ್ತದೆ. ಚಿಗಟ ಕಾಣುತ್ತಿಲ್ಲವೆಂದು ಇಲ್ಲವೆಂದುಕೊಳ್ಳಬೇಡಿ. ಬಾಲದ ಬುಡವನ್ನು ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಿ, ಉದುರಿದ ಕರಿಪುಡಿಯನ್ನು ಒದ್ದೆ ಮಾಡಿದ ಬಿಳಿ ಬಟ್ಟೆಯ ಮೇಲೆ ಹಾಕಿ ನೋಡಿ. ಪುಡಿಯ ಸುತ್ತ ಕೆಂಪುಕಂದು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ, ಅಂದರೆ ಅರಗಿದ ರಕ್ತ. ನಾಯಿ ಮಲಗುವ ಗೋಣಿಚೀಲ, ಚಾಪೆ, ಗೋಡೆಯಂಚಿನ ಬಿರುಕುಗಳಲ್ಲಿ ಚಿಗಟದ ಗೂಡುಗಳು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಸುಮ್ಮನೆ ಕಾಯ್ದುಕೊಂಡಿರುತ್ತವೆ. ಆದುದರಿಂದ ಮೈಗೆ ಹಾಕುವ ಔಷಧಿಯನ್ನು ತಿಂಗಳುಗಳ ಕಾಲ ತಪ್ಪದೆ ಮುಂದುವರಿಸಬೇಕು. ಹಾಸಿಗೆಯನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಮನೆಯಲ್ಲಿ ಬೆಕ್ಕಿದ್ದರೆ ಅದಕ್ಕೂ ಚಿಕಿತ್ಸೆಯಾಗಬೇಕು. ಆದರೆ ನಾಯಿಯ ಔಷಧಿಯನ್ನು ಬೆಕ್ಕಿಗೆ ಹಚ್ಚಬೇಡಿ, ಪರ್ಮೆಥ್ರಿನ್ ಇರುವಂಥವು ಬೆಕ್ಕಿನ ಪ್ರಾಣಕ್ಕೇ ಅಪಾಯ.

ಉತ್ತರ: ನಿವೃತ್ತ ಪಶುವೈದ್ಯ, ತುಮಕೂರು

ಬೆಳ್ಳಿಯ ವಿವರಗಳನ್ನು ಇಷ್ಟು ಚೆನ್ನಾಗಿ ಬರೆದಿರುವುದರಿಂದ ಉತ್ತರಿಸುವುದು ಸುಲಭವಾಗಿದೆ. ನಿಮ್ಮ ನೇರ ಪ್ರಶ್ನೆಗೆ ಮೊದಲು ಬರುತ್ತೇನೆ: ತಿಂಗಳಿಗೊಮ್ಮೆ ಮನೆಯಲ್ಲಿ ಹಿಂಡುವ ರೂಢಿ ಬೇಡ.

ಗುದದ್ವಾರವನ್ನು ಗಡಿಯಾರದ ಮುಖವೆಂದು ಭಾವಿಸಿದರೆ, ನಾಲ್ಕು ಮತ್ತು ಎಂಟು ಗಂಟೆಯ ಗುರುತಿರುವ ಕಡೆ ಚರ್ಮದ ಒಳಗೆ ಎರಡು ಸಣ್ಣ ಚೀಲಗಳಿವೆ. ಅವುಗಳಲ್ಲಿ ತೀಕ್ಷ್ಣ ವಾಸನೆಯ ದ್ರವ ಸಂಗ್ರಹವಾಗುತ್ತದೆ. ಗಟ್ಟಿಯಾದ ಮಲ ಹೊರಬರುವಾಗ ಒತ್ತಡ ಬಿದ್ದು ಆ ದ್ರವ ಕಿರಿದಾದ ನಾಳದ ಮೂಲಕ ತಾನಾಗಿ ಹೊರಹೋಗುತ್ತದೆ. ಮಲ ಸದಾ ಮೆತ್ತಗಿದ್ದರೆ, ಮೈಯಲ್ಲಿ ಕೊಬ್ಬು ಹೆಚ್ಚಿದ್ದರೆ, ಅಥವಾ ಅಲರ್ಜಿಯಿಂದ ಆ ಭಾಗದ ಚರ್ಮ ಊದಿಕೊಂಡು ನಾಳ ಬಿಗಿದರೆ, ದ್ರವ ಒಳಗೇ ಉಳಿದು ಗಸಿಯಂತೆ ಗಟ್ಟಿಯಾಗುತ್ತದೆ. ಹಿಂಡಿದಾಗ ಚೀಲ ಖಾಲಿಯಾಗುತ್ತದೆ, ಆದರೆ ಅದು ತುಂಬಿಕೊಳ್ಳಲು ಇದ್ದ ಕಾರಣ ಹಾಗೆಯೇ ಉಳಿಯುತ್ತದೆ. ಅಗತ್ಯವಿಲ್ಲದೆ ಮತ್ತೆ ಮತ್ತೆ ಒತ್ತಿದರೆ ನಾಳಕ್ಕೆ ಪೆಟ್ಟಾಗಿ ಊತ ಹೆಚ್ಚುತ್ತದೆ. ಕಾರಣ ಹುಡುಕದೆ ಬರೀ ಹಿಂಡಿ ಕಳುಹಿಸಿದ ಸಂದರ್ಭಗಳು ನನ್ನ ಸೇವಾವಧಿಯಲ್ಲೂ ಇದ್ದವು, ಅದಕ್ಕಾಗಿ ಇಂದಿಗೂ ವಿಷಾದವಿದೆ.

ಗುದದ ಒಂದು ಪಕ್ಕ ಕೆಂಪಾಗಿ ಊದಿಕೊಂಡು ಬಿಸಿಯಾಗಿದ್ದರೆ, ರಕ್ತ ಅಥವಾ ಕೀವು ಕಂಡರೆ, ಮುಟ್ಟಿದೊಡನೆ ಕಿರುಚಿದರೆ, ಅಲ್ಲಿ ಕುರು ಆಗಿದೆಯೆಂದು ತಿಳಿಯಿರಿ. ಅದನ್ನು ಒತ್ತಬಾರದು, ಅದೇ ದಿನ ವೈದ್ಯರಿಗೆ ತೋರಿಸಬೇಕು. ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚಿ ಕಾಯುವುದರಿಂದ ಕುರು ಒಡೆಯುವ ದಿನವಷ್ಟೇ ಹತ್ತಿರವಾಗುತ್ತದೆ. ಮನುಷ್ಯರ ನೋವಿನ ಮಾತ್ರೆಗಳನ್ನಂತೂ ಕೊಡಲೇಬೇಡಿ, ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನೂ ಕೆಡಿಸಬಲ್ಲದು. ವಯಸ್ಸಾದ ನಾಯಿಗಳಲ್ಲಿ ಇದೇ ಜಾಗದಲ್ಲಿ ಗಂಟು ಸಿಕ್ಕರೆ, ಜೊತೆಗೆ ನೀರು ಕುಡಿಯುವುದು ವಿಪರೀತ ಹೆಚ್ಚಿದ್ದರೆ, ಗ್ರಂಥಿಯ ಕ್ಯಾನ್ಸರ್ ಇರಬಹುದೇ ಎಂದು ನೋಡಬೇಕು, ಏಕೆಂದರೆ ಅದು ಕೆಲವೊಮ್ಮೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿಸಿ ಬಾಯಾರಿಕೆ ಹೆಚ್ಚಿಸುತ್ತದೆ. ಬೆಳ್ಳಿಯ ವಯಸ್ಸಿಗೆ ಆ ಸಾಧ್ಯತೆ ಕಡಿಮೆ. ಆದರೂ ಬೆರಳು ಹಾಕಿ ಎರಡೂ ಕಡೆ ಪರೀಕ್ಷಿಸಲು ವೈದ್ಯರನ್ನು ಕೇಳಿಕೊಳ್ಳಿ. ಶಸ್ತ್ರಚಿಕಿತ್ಸೆಯಿಂದ ಗ್ರಂಥಿಯನ್ನೇ ತೆಗೆಯುವುದು ಕೊನೆಯ ದಾರಿ. ಅಲ್ಲಿನ ನರಗಳಿಗೆ ಏಟಾದರೆ ಮಲದ ಹಿಡಿತವೇ ತಪ್ಪಬಹುದು.

ಪಾದ ನೆಕ್ಕುವ ವಿಷಯವನ್ನು ನೀವು ಒಂದು ಸಾಲಿನಲ್ಲಿ ದಾಟಿಸಿದ್ದೀರಿ. ನನ್ನ ಮನಸ್ಸು ಅಲ್ಲೇ ನಿಂತಿದೆ. ಪಾದ, ಕಿವಿ, ಗುದ ಈ ಮೂರೂ ಕಡೆ ತುರಿಕೆಯಿದ್ದರೆ ಅಲರ್ಜಿಯನ್ನು ಸಂಶಯಿಸಲೇಬೇಕು.

ಉತ್ತರ: ಲ್ಯಾಬ್ ಸಾಕಿದವಳು, ಕೋಲಾರ

ಮೇಲಿನ ಹಿರಿಯರು ಹೇಳಿದ ಅಲರ್ಜಿಯ ಮಾತಿಗೆ ನಮ್ಮ ಮನೆಯ ಅನುಭವವನ್ನು ಸೇರಿಸುತ್ತೇನೆ. ನಮ್ಮ ಲ್ಯಾಬ್ರಡಾರ್ ಗಂಡುನಾಯಿಗೂ ಪಾದ, ಕಿವಿ, ಹಿಂಭಾಗ ಮೂರೂ ಕಡೆ ತುರಿಕೆಯಿತ್ತು. ಚಿಗಟ ಮತ್ತು ಹುಳುವಿನ ಚಿಕಿತ್ಸೆ ಪೂರ್ತಿಯಾದ ಮೇಲೂ ನಿಲ್ಲದಿದ್ದಾಗ, ವೈದ್ಯರು 8 ವಾರಗಳ ಆಹಾರ ಪರೀಕ್ಷೆಗೆ ಹಾಕಿದರು. ಅದುವರೆಗೆ ಅದು ತಿಂದೇ ಇರದ ಒಂದು ಮಾಂಸ, ಅದರೊಂದಿಗೆ ಒಂದೇ ಒಂದು ಬಗೆಯ ಹಿಟ್ಟಿನಂಶ, ಬೇರೇನೂ ಇಲ್ಲ. ನಾವು ಮುಳ್ಳು ತೆಗೆದ ಬೇಯಿಸಿದ ಮೀನು ಮತ್ತು ಗೆಣಸು ಕೊಟ್ಟೆವು.

ಕಷ್ಟವಾದದ್ದು ನಾಯಿಗಲ್ಲ, ಮನೆಯವರಿಗೆ. ಮಾವನವರು ಸಂಜೆ ಚಹಾದ ಜೊತೆ ಅರ್ಧ ಬನ್ ಕೊಡುತ್ತಿದ್ದುದು ಮೂರನೆಯ ವಾರದಲ್ಲಿ ಗೊತ್ತಾಗಿ, ಎಣಿಕೆಯನ್ನು ಮೊದಲಿನಿಂದ ಆರಂಭಿಸಬೇಕಾಯಿತು. ಆರನೆಯ ವಾರಕ್ಕೆ ಉಜ್ಜುವುದು ಬಹುತೇಕ ನಿಂತಿತು. ಪರೀಕ್ಷೆ ಮುಗಿದ ಮೇಲೆ ವೈದ್ಯರ ಸೂಚನೆಯಂತೆ ಕೋಳಿ ಕೊಟ್ಟು ನೋಡಿದಾಗ ನಾಲ್ಕೇ ದಿನದಲ್ಲಿ ತುರಿಕೆ ಮರಳಿತು. ಹಾಗಾಗಿ ನಮ್ಮಲ್ಲಿ ಕಾರಣ ಕೋಳಿ ಎಂದು ಖಚಿತವಾಯಿತು. ನಿಮ್ಮಲ್ಲಿ ಅದು ಹಾಲೋ ಗೋಧಿಯೋ ಆಗಿರಬಹುದು. ಊಹಿಸಿ ಬಿಡುವುದಕ್ಕಿಂತ ಪರೀಕ್ಷಿಸಿ ತಿಳಿಯಿರಿ. ಇಂತಹ ಊಟವನ್ನು 8 ವಾರ ಮೀರಿ ಮುಂದುವರಿಸುವುದಾದರೆ ಕ್ಯಾಲ್ಸಿಯಂ ಮುಂತಾದವುಗಳ ಕೊರತೆಯಾಗದಂತೆ ವೈದ್ಯರಿಂದ ಸರಿಪಡಿಸಿಕೊಳ್ಳಬೇಕು.

ಮಲ ಗಟ್ಟಿಯಾಗಲು ಬೇಯಿಸಿ ಹಿಸುಕಿದ ಸಿಹಿಗುಂಬಳವನ್ನು ದಿನಕ್ಕೊಂದು ಚಮಚದಿಂದ ಆರಂಭಿಸಿದ್ದೆವು. ಉಪ್ಪು, ಒಗ್ಗರಣೆ ಏನೂ ಇಲ್ಲದೆ. ಇನ್ನೊಂದು ಮಾತು: ಮುದ್ದೆಯೊಂದಿಗೆ ಸಾರು ಹಾಕುತ್ತಿದ್ದರೆ ಇಂದೇ ನಿಲ್ಲಿಸಿ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ.

ಮರುಉತ್ತರ: ಬೆಳ್ಳಿಮನೆ, ಚಿಂತಾಮಣಿ

ಮೂವರಿಗೂ ಹೃದಯಪೂರ್ವಕ ವಂದನೆಗಳು. ನಿನ್ನೆ ಸಂಜೆಯೇ ಒದ್ದೆ ಬಟ್ಟೆಯ ಪರೀಕ್ಷೆ ಮಾಡಿದೆ. ಕೆಂಪು ಕಲೆಗಳು ಸ್ಪಷ್ಟವಾಗಿ ಮೂಡಿದವು. ಕಿವಿಯ ಒಳಭಾಗವೂ ಕೆಂಪಗಿದೆ, ಅದನ್ನು ನಾನು ಇದುವರೆಗೆ ಗಮನಿಸಿಯೇ ಇರಲಿಲ್ಲ. ಸೋಮವಾರ ವೈದ್ಯರ ಬಳಿಗೆ ಹೋಗುತ್ತಿದ್ದೇವೆ. ಚಿಗಟಕ್ಕೂ ಲಾಡಿಹುಳುವಿಗೂ ಮೊದಲು ಔಷಧಿ ಕೇಳುತ್ತೇನೆ, ಆಹಾರ ಪರೀಕ್ಷೆಯನ್ನು ಅದಾದ ಮೇಲೆ. ಸಾರು ಹಾಕುವುದನ್ನು ಇಂದಿನಿಂದಲೇ ನಿಲ್ಲಿಸಿದ್ದೇವೆ. ಅಮ್ಮ ಬಿಸ್ಕತ್ತಿನ ಡಬ್ಬಿಯನ್ನು ಅಟ್ಟದ ಮೇಲೆ ಇಟ್ಟಿದ್ದಾರೆ. ಬೆಳ್ಳಿ ಅದರ ಕೆಳಗೆ ಕುಳಿತು ಮೇಲಕ್ಕೇ ನೋಡುತ್ತಿದೆ.