ಅಪ್‌ಡೇಟ್: ಕುಕ್ಕರಹಳ್ಳಿ ಕೆರೆಯ ಮಿಂಚುಳ್ಳಿ ಕೊನೆಗೂ ಸಿಕ್ಕಿತು

ಮೈಸೂರಿನ ಕುಕ್ಕರಹಳ್ಳಿ ಕೆರೆ ದಡದಲ್ಲಿ ತೆಗೆದ ಕಪ್ಪು-ಬಿಳಿ ಮಿಂಚುಳ್ಳಿಯ ಫೋಟೋಗಳೆಲ್ಲ ಮಸುಕಾಗುತ್ತಿವೆ, ಏನು ಮಾಡಲಿ ಅಂತ ಹೋದ ವಾರ ಕೇಳಿದ್ದೆ. ಭಾನುವಾರ ಬೆಳಿಗ್ಗೆ ಒಳ್ಳೆ ಫೋಟೋ ಸಿಕ್ಕಿತು! ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

"ಹಕ್ಕಿ ಹಿಂದೆ ಓಡಬೇಡಿ, ಒಂದೇ ಕಡೆ ಸುಮ್ನೆ ಕೂತ್ಕೊಳ್ಳಿ" ಅಂದಿದ್ದರಲ್ಲ, ಅದೇ ಕೆಲಸ ಮಾಡಿತು. ಸೂರ್ಯ ಬೆನ್ನ ಹಿಂದೆ ಇರುವ ಹಾಗೆ ಮುಕ್ಕಾಲು ಗಂಟೆ ಕೂತೆ. ಹಕ್ಕಿ ಮತ್ತೆ ಮತ್ತೆ ಅದೇ ಒಣಕೊಂಬೆಗೆ ಬಂತು. ಈ ಮಿಂಚುಳ್ಳಿ ಧುಮುಕುವ ಮೊದಲು ನೀರಿನ ಮೇಲೆ ರೆಕ್ಕೆ ಬಡಿಯುತ್ತಾ ಒಂದೇ ಜಾಗದಲ್ಲಿ ನಿಲ್ಲುತ್ತದೆ ಅಲ್ವಾ, ಆ ಕೆಲವು ಸೆಕೆಂಡುಗಳೇ ನಮಗೆ ಸಿಗುವ ಅವಕಾಶ. ಫೋಟೋ ಮಸುಕಾಗದಿರಲಿ ಅಂತ ಶಟರ್ ಸ್ಪೀಡನ್ನು (ಕ್ಯಾಮೆರಾದ ಪರದೆ ತೆರೆದು ಮುಚ್ಚುವ ವೇಗ) 1/500 ಸೆಕೆಂಡಿನಿಂದ 1/2500 ಸೆಕೆಂಡಿಗೆ ಏರಿಸಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೋದಲ್ಲಿ ಬಿಟ್ಟೆ. ಬಿಳಿ ಗರಿಗಳು ಬೆಳಕಿಗೆ ತೀರಾ ಬೆಳ್ಳಗಾಗುತ್ತಿದ್ದವು. ಎಕ್ಸ್‌ಪೋಷರ್ (ಫೋಟೋಗೆ ಸಿಗುವ ಬೆಳಕಿನ ಪ್ರಮಾಣ) ಸ್ವಲ್ಪ ಮೈನಸ್ ಮಾಡಿದ ಮೇಲೆ ಒಂದೊಂದು ಗರಿಯೂ ಕಾಣಿಸಿತು.

ಟ್ರೈಪಾಡ್ ನನಗೆ ಉಪಯೋಗವಾಗಲಿಲ್ಲ. ಅದನ್ನು ತಿರುಗಿಸುವಷ್ಟರಲ್ಲಿ ಹಕ್ಕಿ ನೀರಿಗೆ ಬಿದ್ದಿರುತ್ತಿತ್ತು. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಅದನ್ನು ಕರೆಯಿರಿ ಅಂತ ಒಬ್ಬರು ಹೇಳಿದ್ದರು. ಅದನ್ನು ಬೇಕಂತಲೇ ಮಾಡಲಿಲ್ಲ. ಒಂದು ಫೋಟೋಗಾಗಿ ಹಕ್ಕಿಗೆ ತೊಂದರೆ ಕೊಡುವುದು ನನಗೆ ಸರಿ ಅನ್ನಿಸುವುದಿಲ್ಲ.

ಮನೆಗೆ ಬಂದು ಫೋಟೋ ದೊಡ್ಡದು ಮಾಡಿ ನೋಡಿದಾಗ ಹೊಸದೊಂದು ಗೊತ್ತಾಯಿತು. ಗಂಡಿನ ಎದೆ ಮೇಲೆ ಎರಡು ಕಪ್ಪು ಪಟ್ಟಿ ಇರುತ್ತವೆ, ಹೆಣ್ಣಿಗೆ ಒಂದೇ, ಅದೂ ನಡುವೆ ತುಂಡಾದ ಹಾಗೆ. ನಾನು ಇಷ್ಟು ದಿನ ಒಂದೇ ಹಕ್ಕಿ ಅಂದುಕೊಂಡಿದ್ದೆ. ಅಲ್ಲಿ ಇದ್ದದ್ದು ಜೋಡಿ!